ಮುಂದಿನ ರೆಕ್ಕೆಗೆ ನಾಲ್ಕು ತೂತು

ರೇಸ್ ಕಾರಿನ ಮುಂದಿನ ರೆಕ್ಕೆಗೆ ನಾಲ್ಕು ತೂತು ಕೊರೆಯುವುದು ಕಾಲು ಗಂಟೆಯ ಕೆಲಸ. ಅದನ್ನು ಆಯುಧಪೂಜೆಯ ದಿನದವರೆಗೆ ಉಳಿಸಿಕೊಂಡದ್ದು ಸುಜಯನ ಹಣೆಬರಹ. ಕಾಲೇಜಿನ ಡ್ರಿಲ್ಲಿಗೆ ಪೂಜೆಯಾಗಿ ಬೀಗ ಬಿದ್ದಿತ್ತು. ತಿರುವಿನಲ್ಲಿ ಕಾರನ್ನು ಗಾಳಿಯ ಬಲದಿಂದಲೇ ನೆಲಕ್ಕೆ ಅದುಮಿ ಹಿಡಿಯುವ ಆ ಫೈಬರ್ ರೆಕ್ಕೆಗಾಗಿ ಅವನು ಸೆಮಿಸ್ಟರ್ ಪೂರ್ತಿ ನಿದ್ದೆಗೆಟ್ಟಿದ್ದ. "ಸಂಜೆ ಟೆಸ್ಟಿಗೆ ಅದು ಬರ್ಲಿಲ್ಲ ಅಂದ್ರೆ, ನಾಳೆ ರೇಸಿಗೆ ರೆಕ್ಕೆ ಇಲ್ದೇನೇ ಹೋಗ್ತೀವಿ" ಎಂದು ತಂಡದ ಕ್ಯಾಪ್ಟನ್ ಶೈಲಾ ಫೋನಿನಲ್ಲೇ ತೀರ್ಪು ಕೊಟ್ಟಿದ್ದಳು.

ಡ್ರಿಲ್ ಹುಡುಕಿಕೊಂಡು ಹೋದರೆ, ಪೀಣ್ಯದ ಕಾರ್ಖಾನೆ ಬೀದಿಯಲ್ಲೂ ಯಂತ್ರಗಳೆಲ್ಲ ಹೂವು ಮುಡಿದು ಮದುಮಕ್ಕಳ ಹಾಗೆ ಕೂತಿದ್ದವು. ವರ್ಕ್‌ಶಾಪಿನ ಸಂಗಣ್ಣ ಕೈ ಮುಗಿದ. "ಮಶೀನಿಗೆ ಪೂಜಿ ಆಗೇತಿ ತಮ್ಮಾ, ಇವತ್ತ ಮುಟ್ಟಂಗಿಲ್ಲ. ಪುರಿ ತಿನ್ನು."

ಪಕ್ಕದ ಅಂಗಡಿಯ ಪುಟ್ಟಣ್ಣ ರೆಕ್ಕೆಯನ್ನು ತಿರುವಿ ನೋಡಿದ. "ಏನ್ ಗುರು, ಉಲ್ಟಾ ಮಾಡಿದ್ಯಲ್ಲ! ವಿಮಾನದ್ದು ಹಿಂಗಿರಲ್ಲ."

"ಇದು ಹಾರೋಕಲ್ಲ ಅಣ್ಣ, ಹಾರದೇ ಇರೋಕೆ!"

"ಹಾರದೇ ಇರೋಕೆ ರೆಕ್ಕೆ ಯಾಕೆ?"

ವಿವರಿಸುವಷ್ಟರಲ್ಲಿ ಟೀ ಅಂಗಡಿಯ ಕೃಷ್ಣಮ್ಮ ಬಂದು, ನುಣ್ಣಗೆ ಉಜ್ಜಿಟ್ಟಿದ್ದ ರೆಕ್ಕೆಗೆ ವಿಭೂತಿ ಬಳಿದು ಕುಂಕುಮ ಇಟ್ಟಳು. ಸುಜಯ ಒರೆಸಿದ. ಅವಳು ಮತ್ತೆ ಇಟ್ಟಳು. ಅವನಿಗೆ ತಲೆ ಚಚ್ಚಿಕೊಳ್ಳುವಷ್ಟು ರೋಸಿಹೋಯಿತು.

ಕೊನೆಗೆ ಅವನ ಕಣ್ಣಲ್ಲಿ ನೀರಾಡಿದ್ದು ಕಂಡು ಸಂಗಣ್ಣ ಕರಗಿದ. ಶಟರ್ ಅರ್ಧ ಎಳೆದು, ದೇವರ ಪಟದ ಮುಂದೆ ಕೆನ್ನೆ ಕೆನ್ನೆ ಬಡಿದುಕೊಂಡು, ನಾಲ್ಕೂ ತೂತು ಕೊರೆದುಕೊಟ್ಟ. ಜೊತೆಗೆ ಪೂಜೆಗೆ ತಂದಿದ್ದ ಕುಂಬಳಕಾಯಿಯೊಂದನ್ನು ಅವನ ಕೈಗಿಟ್ಟ. "ತಪ್ಪ ಮಾಡೇವಿ. ಗಾಡಿ ಮುಂದ ಈ ಕುಂಬಳಕಾಯಿ ಒಡದ ಮ್ಯಾಲೇ ಹೊರಡಸಬೇಕು. ಆಣಿ ಮಾಡು."

ಸುಜಯ ಆಣೆ ಮಾಡಿದ. ರೆಕ್ಕೆಯನ್ನೂ ಕುಂಬಳಕಾಯಿಯನ್ನೂ ಅವಳಿ ಮಕ್ಕಳ ಹಾಗೆ ಅವಚಿಕೊಂಡು ಆಟೋದಲ್ಲಿ ಕಾಲೇಜು ಸೇರಿದ. ರೆಕ್ಕೆ ನೆಲದಿಂದ ಎರಡು ಬೆರಳೆತ್ತರದಲ್ಲಿ ಅಚ್ಚುಕಟ್ಟಾಗಿ ಕೂತಿತು. ಶೈಲಾ ಆ ದಿನ ಮೊದಲ ಸಲ ನಕ್ಕಳು. "ಸಕ್ಕತ್ತಾಗಿದೆ ಕಣೋ! ನಾನೇ ಓಡಿಸ್ತೀನಿ."

"ತಡಿ, ಕುಂಬಳಕಾಯಿ ಒಡೀಬೇಕು."

"ಇಂಜಿನಿಯರಿಂಗ್ ಓದಿ ಇದೇನೋ?"

"ಆಣೆ ಮಾಡ್ಬಿಟ್ಟಿದೀನಿ ಕಣೇ!"

ಕಾಯನ್ನು ಮೂರು ಸುತ್ತು ನಿವಾಳಿಸಿ, ದಿನದ ಸಿಟ್ಟನ್ನೆಲ್ಲ ಸೇರಿಸಿ ಕಾರಿನ ಮುಂದೆ ಕುಕ್ಕಿದ. ಕಾರಿನ ತಗ್ಗು ಸೀಟಿನಲ್ಲಿ ಆಗಲೇ ಕೂತಿದ್ದ ಶೈಲಾಗೆ ಅದರ ಮೂತಿಯ ಮುಂದೆ ನೆಲದಲ್ಲಿ ಬಿದ್ದ ಹೋಳುಗಳು ಕಾಣುವಂತಿರಲಿಲ್ಲ. ಸುಜಯನಿಗೆ ಅವು ಕಾಣುವಷ್ಟರಲ್ಲಿ ಕಾರು ಹೊರಟಾಗಿತ್ತು. ರೆಕ್ಕೆ ಮೊದಲ ಹೋಳಿಗೇ ಗುದ್ದಿ, ಲಟಕ್ಕನೆ ಎರಡು ತುಂಡಾಯಿತು.

ತಂಡದವರೆಲ್ಲ ಸುಜಯನನ್ನೇ ದುರುಗುಟ್ಟಿ ನೋಡುತ್ತಿರುವಾಗ ಫೋನು ಬಡಿದುಕೊಂಡಿತು. ಸಂಗಣ್ಣನದು.

"ಕುಂಬಳಕಾಯಿ ಒಡದ್ಯಾ ತಮ್ಮಾ?"

"ಒಡೆದೆ ಅಣ್ಣ."

"ಹಂಗಾರ ಇನ್ನ ನಿನ್ನ ರೆಕ್ಕಿಗೆ ಏನೂ ಆಗಂಗಿಲ್ಲ ಬಿಡು!"