ಲಾಡ್ಲೆಸಾಬನ ಬಲಗಾಲು

ಗಾಣಗಾಪುರದ ಇಳಿಜಾರು ರಸ್ತೆಯಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆಯಲು ಎಡಗೈ ಚಾಚಿದ ಲಾಡ್ಲೆಸಾಬನ ಕೈ ಗಾಳಿಯಲ್ಲೇ ನಿಂತಿತು. ಅಲ್ಲಿ ಹ್ಯಾಂಡ್‌ಬ್ರೇಕೇ ಇರಲಿಲ್ಲ!

ಇಪ್ಪತ್ತೆರಡು ವರ್ಷ ಅತನೂರಿನಿಂದ ಅಫಜಲಪುರಕ್ಕೆ ಜೀಪು ಹೊಡೆದ ಕೈ ಅದು. ಎರಡು ಸೀಟುಗಳ ನಡುವೆ ಎಷ್ಟು ತಡಕಾಡಿದರೂ ಸಿಕ್ಕಿದ್ದು ನುಣ್ಣನೆಯ ಪ್ಲಾಸ್ಟಿಕ್ಕು. ಹೊಸ ಕಾರು ಡಾಕ್ಟರ್ ವಿದ್ಯಾವತಿಯವರದು. ಬೆಳಗ್ಗೆ ತಾವೇ ಅದನ್ನು ಗೇಟಿನಿಂದ ಹೊರಗೆ ತಂದು, "ಇವತ್ತ ಹೆಂಗ ಓಡಸ್ತೀರಿ ನೋಡಿ ಕೆಲಸಕ್ಕ ಇಟ್ಕೋತೀನಿ" ಎಂದು ಅವನ ಕೈಗೆ ಕೊಟ್ಟಿದ್ದರು. ಈಗ ದರ್ಶನಕ್ಕೆ ಇಳಿದು ಹೋಗಿಯಾಗಿತ್ತು.

ಬ್ರೇಕಿನ ಮೇಲಿಂದ ಕಾಲನ್ನು ಕೂದಲೆಳೆಯಷ್ಟು ಎತ್ತಿದ. ಕಾರು ಮುಂದಕ್ಕೆ ಜಾರಿತು. ಎದುರಿಗೇ ತೆಂಗಿನಕಾಯಿ ಅಂಗಡಿ.

"ಯಾ ಅಲ್ಲಾ!" ಎಂದು ಮತ್ತೆ ಒತ್ತಿ ಹಿಡಿದ.

ಅಂಗಡಿಯ ಶಾರದಾಬಾಯಿ ಓಡಿ ಬಂದಳು. "ಯಾಕ್ರಿ ಸಾಬ್ರ, ನನ್ನ ಅಂಗಡಿ ಮ್ಯಾಲೇನು ಸಿಟ್ಟು ನಿಮಗ?"

"ಸಿಟ್ಟಲ್ರಿ ಅಕ್ಕಾ, ಇದಕ್ಕ ಹ್ಯಾಂಡ್‌ಬ್ರೇಕೇ ಇಲ್ಲ! ಕಾಲು ತೆಗದ್ರ ಸೀದಾ ನಿಮ್ಮ ಕಾಯಿ ಮ್ಯಾಲೇ ಬರ್ತದ."

"ಅಯ್ಯಯ್ಯ! ಯಾರರೆ ಕದ್ದಾರೇನ್ರಿ?"

ಈ ಮಾತು ಕೇಳಿ ಎದುರು ಲಾಡ್ಜಿನ ಮ್ಯಾನೇಜರ್ ಕಲ್ಲಿನಾಥ ಬಂದ. "ಹೊಸಾ ಗಾಡ್ಯಾಗ ಎಲ್ಲಾ ಒಳಗ ಮುಚ್ಚಿಟ್ಟಿರ್ತಾರ, ಸರೀರಿ" ಎಂದು ಕಿಟಕಿಯಲ್ಲಿ ತಲೆ ತೂರಿಸಿ ಒಂದು ಹಿಡಿ ಎಳೆದ. ಬಾನೆಟ್ಟು ಟಪ್ಪೆಂದಿತು. ಇನ್ನೊಂದು ಒತ್ತಿದ. ಡಿಕ್ಕಿ ಬಾಯಿ ತೆರೆಯಿತು. ಮೂರನೆಯದನ್ನು ಮುಟ್ಟಿದ್ದೇ ತಡ, ಗಾಜು ತೊಳೆಯುವ ನೀರು ಚಿಮ್ಮಿ, ಮಡಿಯುಟ್ಟು ಹೊರಟಿದ್ದ ಅರ್ಚಕರನ್ನು ತೋಯಿಸಿತು.

"ಗೇರಿನಾಗ ಬಿಟ್ಟು ಇಳೀರಲಾ!" ಅರ್ಚಕರು ಮುಖ ಒರೆಸಿಕೊಳ್ಳುತ್ತ ಗದರಿದರು.

"ಹಂಗ ಬಿಟ್ಟಾಗೇ ನಮ್ಮ ಜೀಪು ಹಳ್ಳಕ್ಕ ಹೋಗಿದ್ದು ಸ್ವಾಮ್ಯಾರ!"

ಗಾಲಿಗೆ ಅಡ್ಡ ಇಡಲು ಕಲ್ಲು ಹುಡುಕಿದರು. ಸುತ್ತಲಿನ ಕಲ್ಲುಗಳಿಗೆಲ್ಲ ಕುಂಕುಮ ಹಚ್ಚಿತ್ತು. ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ.

ಒಂದು ತಾಸಾಯಿತು. ಲಾಡ್ಲೆಸಾಬನ ಬಲಗಾಲು ಹೊಲಿಗೆ ಮಷಿನ್ನಿನಂತೆ ನಡುಗತೊಡಗಿತು. ಕನಿಕರಪಟ್ಟ ಶಾರದಾಬಾಯಿ ಚಹಾ ತಂದು ಒಳಗೆ ಕೈ ಚಾಚಿದಳು. ಅವಳ ಬಳೆ ಗೇರಿನ ಪಕ್ಕದ ಉಗುರಿನಷ್ಟು ಗಾತ್ರದ ಸ್ವಿಚ್ಚಿಗೆ ಸಿಕ್ಕಿ ಅದನ್ನು ಮೇಲಕ್ಕೆ ಎಳೆಯಿತು. ಹಿಂದಿನ ಗಾಲಿಗಳಿಂದ "ಗೊಂಯ್ಯ್" ಎಂಬ ಸದ್ದು. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ.

ಲಾಡ್ಲೆಸಾಬ ಮೆಲ್ಲಗೆ ಕಾಲೆತ್ತಿದ. ಕಾರು ಅಲುಗಲಿಲ್ಲ!

"ನಾ ಹೇಳಿದ್ದಿಲ್ಲೇನು, ಒಳಗ ಮುಚ್ಚಿಟ್ಟಿರ್ತಾರ ಅಂತ!" ಕಲ್ಲಿನಾಥ ಎದೆಯುಬ್ಬಿಸಿದ.

ಅಷ್ಟರಲ್ಲಿ ಡಾಕ್ಟರು ಓಡುತ್ತ ಬಂದರು. "ಲಗೂ ನಡೀರಿ, ನಿಂಬರ್ಗಾದಿಂದ ನಮ್ಮ ದವಾಖಾನಿಗಿ ಹೆರಿಗಿ ಕೇಸ್ ಬರಾಕತ್ತದ!"

ಲಾಡ್ಲೆಸಾಬ ಗಾಡಿ ಚಾಲೂ ಮಾಡಿ ಸ್ವಿಚ್ಚನ್ನು ಕೆಳಗೆ ಒತ್ತಿದ. ಕೆಂಪು ದೀಪ ಆರಲಿಲ್ಲ.

"ಕಾಲು ಬ್ರೇಕಿನ ಮ್ಯಾಲಿಟ್ಟು ಒತ್ರಿ. ಇಲ್ದಿದ್ರ ಅದು ಬಿಡಂಗಿಲ್ಲ" ಎಂದರು ಡಾಕ್ಟರು.

ಒಂದು ತಾಸು ಅಲ್ಲೇ ಇದ್ದ ಕಾಲು ಈಗ ಅಲ್ಲಿಗೆ ಹೋಗಲು ಒಪ್ಪಲಿಲ್ಲ. ಮೀನಖಂಡ ಹಿಡಿದುಕೊಂಡು ಕಲ್ಲಾಯಿತು. ಅವನು ಚೀರಿದ ಚೀರಿಗೆ ಗುಡಿಯ ಪಾರಿವಾಳಗಳು ಹಾರಿಹೋದವು.

ಕೊನೆಗೆ ಡಾಕ್ಟರೇ ಸ್ಟಿಯರಿಂಗ್ ಹಿಡಿದರು. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿದ ಲಾಡ್ಲೆಸಾಬ, ಬಿಸಿಲಿಗೆ ಡಾಕ್ಟರ ಶಾಲನ್ನು ಮುಖದ ತುಂಬ ಹೊದ್ದು, ಅಫಜಲಪುರದವರೆಗೂ ನರಳಿದ.

ಕಾರು ಆಸ್ಪತ್ರೆಯ ಮುಂದೆ ನಿಂತದ್ದೇ ಡಾಕ್ಟರು ಕೈ ತೊಳೆಯಲು ಒಳಗೆ ಓಡಿದರು. ಗೇಟಿನಲ್ಲಿ ಸ್ಟ್ರೆಚರ್ ಹಿಡಿದು ಕಾಯುತ್ತಿದ್ದವರು ನರಳಾಟ ಕೇಳಿ ಬಾಗಿಲು ತೆರೆದು, ಶಾಲಿನ ಸಮೇತ ಅವನನ್ನು ಎತ್ತಿ ಹಾಕಿಕೊಂಡು, ಹೆರಿಗೆ ಕೋಣೆಯ ಕಡೆಗೆ ನೂಕತೊಡಗಿದರು.

ಲಾಡ್ಲೆಸಾಬ ಬೆಚ್ಚಿಬಿದ್ದು ಏಳಲು ಹೋದ. ಆಯಾ ಗೌಸಿಯಾಬೇಗಂ ಶಾಲಿನ ಮೇಲಿಂದಲೇ ಅವನ ತಲೆ ಸವರಿ, ಮತ್ತೆ ಮಲಗಿಸಿದಳು.

"ಹೆದರಬ್ಯಾಡ ತಂಗಿ, ಮೊದಲನೇದು ಹಿಂಗೇ ಇರ್ತದ!"