ಸೆನ್ಸರ್ ಇಲ್ಲದ ಟ್ರ್ಯಾಕ್ಟರು

ನನಗೆ ಟ್ರ್ಯಾಕ್ಟರ್ ಹೊಡೆಯಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಯಾಕೆಂದರೆ ಮುಂದೆ ನನ್ನ ಮಾತಿನ ಠೀವಿ ನೋಡಿ ನೀವು ಮೋಸಹೋಗುವ ಸಂಭವವಿದೆ. ಜಮಖಂಡಿಯ ಕಾಲೇಜೊಂದರ ಕಚೇರಿಯಲ್ಲಿ ಗುಮಾಸ್ತನಾಗಿ ತಲೆಗೂದಲು ಹಣ್ಣಾದ ನಾನು, ಬೆರಳಿಗೆ ಸೀಲಿನ ಮಸಿ ಹತ್ತಿದರೂ ಸೋಪು ಹುಡುಕುವ ಪೈಕಿ. ಆದರೆ ಸಂಬಳದ ನೌಕರಿಯವನಿಗೆ ಊರಿನಲ್ಲಿ ಒಂದು ವಿಚಿತ್ರ ಮರ್ಯಾದೆ ಸಿಗುತ್ತದೆ. ಅವನಿಗೆ ತಿಳಿಯದ್ದನ್ನೂ ಅವನನ್ನೇ ಕೇಳುತ್ತಾರೆ. ಹಾಗೆ ಕೇಳಿದಾಗ ‘ನನಗ ಗೊತ್ತಿಲ್ರೀ’ ಎಂಬ ಸರಳ ಮಾತು ಇವತ್ತಿನವರೆಗೂ ನನ್ನ ಬಾಯಿಂದ ಬಂದಿಲ್ಲ. ಬಂದಿದ್ದರೆ ಈ ಪ್ರಬಂಧ ಬರೆಯುವ ಕಾರಣವೇ ಇರುತ್ತಿರಲಿಲ್ಲ.

ಹುನ್ನೂರಿನಲ್ಲಿರುವ ನಮ್ಮ ಹೊಲ ನೋಡಿಕೊಳ್ಳುವವನು ಅಣ್ಣ ಮಲ್ಲಪ್ಪ. ಕಬ್ಬು ಬೆಳೆಯುವವನು ಅವನು, ಸಕ್ಕರೆ ಜಾಸ್ತಿಯಾಗಿದೆ ಎಂದು ಡಾಕ್ಟರರಿಂದ ಬೈಸಿಕೊಳ್ಳುವವನು ನಾನು. ಒಂದು ದೀಪಾವಳಿಗೆ ಊರಿಗೆ ಹೋದಾಗ ಅಣ್ಣ, “ಈ ಸಲ ಹೊಸಾ ಟ್ಯಾಕ್ಟರ್ ತಗೊಳೂನಂತ ಮಾಡೇನಿ” ಎಂದ. ಪಾಪ, ಸುದ್ದಿ ಹೇಳಿದನೇ ಹೊರತು ಸಲಹೆ ಕೇಳಿರಲಿಲ್ಲ. ಆದರೆ ನಾನು ಅದೇ ವಾರ ಕ್ಷೌರದ ಅಂಗಡಿಯಲ್ಲಿ ಪೇಪರಿನ ಒಂದು ಲೇಖನವನ್ನು ಅರ್ಧ ಓದಿದ್ದೆ. ಉಳಿದರ್ಧವನ್ನು ಕ್ಷೌರಿಕ ರೇಜರ್ ಒರೆಸಲು ಹರಿದುಕೊಂಡಿದ್ದ. ಹೊಗೆಯ ಬಗ್ಗೆ ಬಿಗಿ ನಿಯಮಗಳು ಬರಲಿವೆ, ಇನ್ನು ಮುಂದಿನ ಟ್ರ್ಯಾಕ್ಟರಿಗೂ ಮಣ್ಣು ಅಗೆಯುವ ಯಂತ್ರಕ್ಕೂ ಹೊಗೆ ಸೋಸುವ ಡಬ್ಬಿ, ಸೆನ್ಸರ್, ಸಣ್ಣದೊಂದು ಕಂಪ್ಯೂಟರ್ ಕೂಡ ಇರುತ್ತವೆ ಎಂಬಲ್ಲಿಗೆ ನನ್ನ ಜ್ಞಾನ ಹರಿದುಹೋಗಿತ್ತು. ಅಷ್ಟು ನನಗೆ ಧಾರಾಳವಾಯಿತು.

“ಹೊಸಾದು ಬ್ಯಾಡಣ್ಣಾ,” ಎಂದೆ. “ಇನ್ನ ಬರೂ ಗಾಡಿಗೆಲ್ಲಾ ಸೆನ್ಸರ್ ಇರತಾವು. ಹೊಲದಾಗ ನಿಂತ್ರ ಕಂಪನಿಯಾಂವ ಲ್ಯಾಪ್‌ಟಾಪ್ ತಗೊಂಡು ಬರೂತನಕಾ ಬದುವಿನ ಮ್ಯಾಲೆ ಕುಂಡ್ರಬೇಕು. ಹಳೇದಾದ್ರ ನಟ್ಟು ಬಿಚ್ಚೂ ಪಾನಾ ಒಂದಿದ್ರ ಸಾಕು. ಹಾದ್ಯಾಗ ಹೋಗಾಂವನೂ ರಿಪೇರಿ ಮಾಡತಾನ.”

“ನಿನಗ್ಯಾರು ಹೇಳಿದ್ರು?”

“ಓದೇನಿ.”

ಈ ಮಾತಿಗೆ ನಮ್ಮ ಮನೆಯಲ್ಲಿ ಎದುರುತ್ತರವಿಲ್ಲ. ನಾನು ಓದಲೆಂದೇ ಅಣ್ಣ ಸಾಲಿ ಬಿಟ್ಟು ನೇಗಿಲು ಹಿಡಿದವನು. ನಾನು ಓದಿದ್ದು ಸುಳ್ಳಾದರೆ ಅವನು ಬಿಟ್ಟದ್ದೂ ದಂಡವಾಗುತ್ತದೆ. ಆ ಮಾತಿನ ಬಲವನ್ನು ನಾನು ಇಷ್ಟು ಸಣ್ಣ ಕೆಲಸಕ್ಕೆ ಬಳಸಬಾರದಿತ್ತು. ಬಳಸಿದ್ದು ಸಾಲದೆಂದು ಎದೆ ತಟ್ಟಿ ಮಾತೂ ಕೊಟ್ಟೆ: “ಹಳೇ ಗಾಡಿ ತಗೋ. ಕಬ್ಬಿನ ಹಂಗಾಮಿನ್ಯಾಗ ಅದು ಒಂದು ಸಲ ಹಾದ್ಯಾಗ ನಿಂತ್ರ, ಹೊಲಮನಿ ವಿಷಯದಾಗ ನಾ ಮತ್ತ ಬಾಯಿ ತಗಿಯಂಗಿಲ್ಲ.” ಒಳಗೆ ರೊಟ್ಟಿ ಬಡಿಯುತ್ತಿದ್ದ ಅಣ್ಣನ ಹೆಂಡತಿ, ನಮ್ಮ ವೈನಿ, ಕೈ ನಿಲ್ಲಿಸದೆಯೇ, “ಹಂಗಾರ ನಿಂತ್ರೂ ಛಲೋನ ಆತು ಬಿಡ್ರಿ” ಎಂದರು.

ಮುಧೋಳದ ದಾರಿಯಲ್ಲಿ ಹಳೆಯ ಗಾಡಿಗಳ ಒಂದು ಬಯಲಿತ್ತು. ಬಣ್ಣ ಮಾಸಿದ ಟ್ರ್ಯಾಕ್ಟರುಗಳು, ಸೊಂಡಿಲು ಮಡಚಿಕೊಂಡು ನಿಂತ ಮಣ್ಣು ಅಗೆಯುವ ಯಂತ್ರಗಳು ಸಾಲಾಗಿದ್ದವು. ಅಣ್ಣ ಗಾಲಿ ಒದ್ದು ನೋಡಿದ, ಗೇರು ಅಲ್ಲಾಡಿಸಿದ, ಬಗ್ಗಿ ಎಣ್ಣೆ ಸೋರುತ್ತದೆಯೇ ಎಂದು ಹುಡುಕಿದ. ನಾನು ಸೊಂಟಕ್ಕೆ ಕೈಯಿಟ್ಟು, “ಸ್ಟಾರ್ಟ್ ಮಾಡ್ರಿ, ಹೊಗಿ ನೋಡೋಣು” ಎಂದೆ. ಮಾಡಿದರು. ಚಿಮಣಿಯಿಂದ ಎದ್ದ ಕಪ್ಪು ಹೊಗೆ ನೇರವಾಗಿ ನನ್ನ ಬಿಳಿ ಅಂಗಿಯ ಮೇಲೆ ಬಂದು ಕುಳಿತಿತು. ನಾನು ಕೆಮ್ಮುತ್ತಲೇ, “ಇದು ಖರೇ ಇಂಜಿನ್! ಹೊಗಿ ಬಂತಂದ್ರ ಜೀವ ಐತಿ ಅಂತ ಅರ್ಥ” ಎಂದೆ. ಗಾಡಿ ಮಾರುವ ದಲ್ಲಾಳಿ ನನ್ನನ್ನು ದೇವರನ್ನು ಕಂಡಂತೆ ನೋಡಿದ. ಇಷ್ಟು ವರ್ಷ ಹೊಗೆಗೆ ಸಬೂಬು ಹೇಳಿ ಹೇಳಿ ಸೋತಿದ್ದ ಮನುಷ್ಯ. ನಾವು ಚಹಾ ಕುಡಿದು ಏಳುವಷ್ಟರಲ್ಲಿ ಪಕ್ಕದ ಗಿರಾಕಿಗೆ ಅದೇ ಮಾತನ್ನು ಹೇಳುತ್ತಿದ್ದ, “ಜಮಖಂಡಿ ಕಾಲೇಜಿನ ಸರ್ ಹೇಳ್ಯಾರ್ರಿ” ಎಂದು ಸೇರಿಸಿ. ಡೀಸೆಲ್ ತೋರಿಸುವ ಮುಳ್ಳು ಮಾತ್ರ ಅರ್ಧಕ್ಕೆ ನಿಂತು ಅಲ್ಲಾಡುತ್ತಿರಲಿಲ್ಲ. ಅಣ್ಣ ಅದರ ಮೇಲೆ ಬೆರಳಿನಿಂದ ಕುಟ್ಟಿದಾಗ, “ಅದೇನ್ ದೊಡ್ಡ ಮಾತಲ್ಲ, ಟಾಕ್ಯಾಗ ಕಡ್ಡಿ ಅದ್ದಿ ನೋಡಿದ್ರಾತು” ಎಂದು ನಾನೇ ದಲ್ಲಾಳಿಯ ಪರವಾಗಿ ಉತ್ತರ ಕೊಟ್ಟೆ. ಅಣ್ಣ ಅದನ್ನೇ ಕೊಂಡ. ಆ ಹೊಗೆಯನ್ನು ದಿನವಿಡೀ ಕುಡಿಯುವವನು ಅಣ್ಣ, ಕಚೇರಿಯ ಫ್ಯಾನಿನ ಕೆಳಗೆ ಕೂರುವ ನಾನಲ್ಲ ಎಂಬುದು ಆಗ ನನಗೆ ಹೊಳೆಯಲೇ ಇಲ್ಲ. ಅಂಗಿಯಂತೂ ಬಿಳಿಯಾಗಲಿಲ್ಲ. ನನ್ನ ಹೆಂಡತಿ ಅದನ್ನು ಬಿಸಿ ಪಾತ್ರೆ ಇಳಿಸುವ ಹಿಡಿಕೆಬಟ್ಟೆ ಮಾಡಿಕೊಂಡಳು.

ಕಬ್ಬಿನ ಹಂಗಾಮು ಬಂತು. ನಮ್ಮ ಕಬ್ಬು ಕಡಿಯುವ ಪಾಳಿಯೂ ಬಂತು. ಅದೇ ಹೊತ್ತಿಗೆ ನನಗೆ ರಜೆಯಿತ್ತು. ಕಡಿದ ಕಬ್ಬು ಬಿಸಿಲಲ್ಲಿ ಬಿದ್ದರೆ ತೂಕ ಇಳಿಯುತ್ತದೆ, ಪಾಳಿ ತಪ್ಪಿದರೆ ಕಾರ್ಖಾನೆಯ ಮುಂದೆ ಕಾಯುತ್ತ ಕೂರಬೇಕು. ಅಣ್ಣನಿಗೆ ಅದರ ಚಿಂತೆ, ನನಗೆ ನಾನು ಕೊಟ್ಟ ಮಾತಿನ ಚಿಂತೆ. ಹಿಂದಿನ ಸಂಜೆ ಅಣ್ಣ ನನ್ನ ಕೈಗೆ ಕ್ಯಾನ್ ಕೊಟ್ಟು, “ಡೀಸೆಲ್ ತಂದು ಟಾಕಿಗೆ ಹಾಕು” ಎಂದ. ಒಂದೇ ಕೆಲಸ. ಆದರೆ ಪೆಟ್ರೋಲ್ ಪಂಪಿನ ಪಕ್ಕದ ಚಹಾದಂಗಡಿಯಲ್ಲಿ ಇಬ್ಬರು ಹೊಸ ಟ್ರ್ಯಾಕ್ಟರಿನ ಮಾತಾಡುತ್ತಿದ್ದರು. ನಾನು ಕ್ಯಾನನ್ನು ಕಾಲಬಳಿ ಇಟ್ಟು, ಸೆನ್ಸರ್ ಇಲ್ಲದ ಗಾಡಿಯ ಹೆಚ್ಚುಗಾರಿಕೆಯನ್ನು ಅವರಿಗೆ ತಿಳಿಸಿಕೊಡಲು ಕುಳಿತೆ. ಅವರು ಎದ್ದು ಹೋದ ಮೇಲೂ ಅಂಗಡಿಯವನಿಗೆ ತಿಳಿಸಿಕೊಟ್ಟೆ. ಬಹಳ ಸಂತೋಷದಿಂದ ಮನೆಗೆ ಬಂದೆ. ಕ್ಯಾನ್ ಹಗುರವಾಗಿದೆ ಎಂಬುದು ಕೈಗೆ ತಿಳಿಯಲೇ ಇಲ್ಲ.

ಬೆಳಿಗ್ಗೆ ಡ್ರೈವರ್ ಸಿದ್ರಾಮ, “ಎಣ್ಣಿ ಹಾಕೀರೇನ್ರಿ ಸರ?” ಎಂದು ಕೇಳಿದಾಗಲೇ ನನಗೆ ಡೀಸೆಲ್ ತಂದೇ ಇಲ್ಲವೆಂದು ನೆನಪಾಯಿತು. ಅಣ್ಣ ಎದುರಿಗೇ ನಿಂತಿದ್ದ. “ಆಗೇತಿ, ನಡಿ” ಎಂದೆ. ಹಾದಿಯಲ್ಲಿ ಎಲ್ಲಿಯಾದರೂ ಹಾಕಿಸಿದರಾಯಿತು ಎಂದುಕೊಂಡು ಖಾಲಿ ಕ್ಯಾನನ್ನು ಟ್ರೇಲರಿನಲ್ಲಿ ಕಬ್ಬಿನ ಮರೆಗೆ ತುರುಕಿ, ನಾನೂ ಮಡ್‌ಗಾರ್ಡಿನ ಮೇಲೆ ಏರಿ ಕುಳಿತೆ. ಆಮೇಲೆ ಸಿದ್ರಾಮನಿಗೂ ಇಂಜಿನ್ನಿನ ಗುಣಗಾನ ಶುರುಮಾಡಿದೆ. ಪಂಪುಗಳು ಬಂದವು, ಹೋದವು. ಚಿಮ್ಮಡ ದಾಟಿ ಸ್ವಲ್ಪ ದೂರದಲ್ಲಿ ಗಾಡಿ ಎರಡು ಸಲ ಬಿಕ್ಕಳಿಸಿ ನಿಂತಿತು.

ನಿಂತದ್ದೇ ತಡ, ನಾನು ಅಣ್ಣನಿಗೆ ಹೇಳಿದ್ದು ಅಕ್ಷರಶಃ ನಿಜವಾಯಿತು. ಹಾದಿಯಲ್ಲಿ ಹೋಗುವವನೂ ರಿಪೇರಿ ಮಾಡಲು ನಿಂತ. ಬನಹಟ್ಟಿಯ ನೇಕಾರರೊಬ್ಬರು ಸ್ಕೂಟರ್ ನಿಲ್ಲಿಸಿ, “ಮಗ್ಗ ಆದ್ರೇನು, ಟ್ಯಾಕ್ಟರ್ ಆದ್ರೇನ್ರಿ, ಸಪ್ಪಳಾ ಕೇಳಿದ್ರ ರೋಗ ತಿಳೀತೈತಿ” ಎಂದು ಸಪ್ಪಳವೇ ಮಾಡದ ಇಂಜಿನ್ನಿಗೆ ಕಿವಿಯಿಟ್ಟರು. ಮಹಾಲಿಂಗಪುರದ ಬೆಲ್ಲದ ವ್ಯಾಪಾರಿಯೊಬ್ಬರು ಅಂಗಿಯ ತೋಳು ಮಡಚಿ ಫಿಲ್ಟರ್ ಬಿಚ್ಚಿದರು. ಈರಪ್ಪ ಎಂಬ ರೈತನಂತೂ ಡೀಸೆಲ್ ಪೈಪನ್ನೇ ಕಳಚಿ ಬಾಯಿಂದ ಊದಿ, “ಕಟ್ಟೇತ್ರಿ, ಒಂದ್ ಹನಿ ಬರವಲ್ದು” ಎಂದು ತೀರ್ಪು ಕೊಟ್ಟ. ಹನಿ ಏಕೆ ಬರುತ್ತಿಲ್ಲವೆಂದು ಆ ಗುಂಪಿನಲ್ಲಿ ತಿಳಿದಿದ್ದವನು ನಾನೊಬ್ಬನೇ. ಟಾಕಿಯ ಮುಚ್ಚಳ ತೆಗೆದು ನೋಡಿ ಎನ್ನಲು ನಾಲಿಗೆ ಏಳಲಿಲ್ಲ. ‘ಆಗೇತಿ, ನಡಿ’ ಎಂದ ನನ್ನ ಮಾತನ್ನು ನಂಬಿದ ಸಿದ್ರಾಮ ಬೆವರಿಳಿಸಿಕೊಂಡು ಗಾಡಿಯ ಕೆಳಗೆ ಮಲಗಿದ್ದ. ನನಗೆ ನಾಚಿಕೆಯಾಯಿತು. ಆದರೂ ಗಲ್ಲ ತುರಿಸಿಕೊಂಡು, “ಇಂಜಿನ್ ಪಂಪಿನ್ಯಾಗ ದೋಷ ಇರಬೇಕು” ಎಂದೆ. ಎಲ್ಲರೂ ಪಂಪಿನ ಕಡೆ ತಿರುಗಿದರು.

ಕಬ್ಬಿನ ಮೇಲೆ ಬಿಸಿಲು ಏರತೊಡಗಿತು. ಇನ್ನು ತಡೆಯಲಾಗಲಿಲ್ಲ. “ಬಿಚ್ಚಿದ ಪಾರ್ಟು ತೊಳ್ಯಾಕ ಡೀಸೆಲ್ ತರತೇನಿ” ಎಂದು ಕ್ಯಾನ್ ಎಳೆದುಕೊಂಡು, ಯಾರದೋ ಬೈಕಿನ ಹಿಂದೆ ಕುಳಿತು ಪೆಟ್ರೋಲ್ ಪಂಪಿಗೆ ಓಡಿದೆ. ಕ್ಯಾನ್ ತುಂಬಿಸಿ ತಂದೆ. ಎಲ್ಲರೂ ಆ ಕಡೆ ಬಗ್ಗಿ ಪಂಪಿನ ಬಗ್ಗೆ ಜಗಳವಾಡುತ್ತಿದ್ದಾಗ ಈ ಕಡೆಯಿಂದ ಸದ್ದಿಲ್ಲದೆ ಟಾಕಿಗೆ ಸುರಿದೆ. ಅವಸರಕ್ಕೆ ಅರ್ಧ ನನ್ನ ಚಪ್ಪಲಿಗೇ ಬಿತ್ತು. ಬಿಚ್ಚಿದ್ದನ್ನೆಲ್ಲ ಜೋಡಿಸಿ ಈರಪ್ಪ ಪೈಪಿನಲ್ಲಿ ಸೇರಿದ್ದ ಗಾಳಿ ತೆಗೆಯುತ್ತಿದ್ದಂತೆ ಡೀಸೆಲ್ ಬುಳುಬುಳು ಎಂದು ಬಂತು. “ಬಿಡ್ತು ನೋಡ್ರಿ, ಕಟ್ಟಿದ್ದು ಬಿಡ್ತು!” ಎಂದು ಕೂಗಿದ. ಇಂಜಿನ್ ಗುಡುಗಿತು, ಎಲ್ಲರ ಮುಖದ ಮೇಲೂ ಹೊಗೆ ಉಗುಳಿತು. ನೇಕಾರರು ಸಪ್ಪಳ ಹಿಡಿದದ್ದು ತಾವೆಂದರು. ವ್ಯಾಪಾರಿ ಎಲ್ಲಾ ಫಿಲ್ಟರಿನ ಮಹಿಮೆ ಎಂದರು. ಪಂಪಿನ ದೋಷ ಸರ್ ಮೊದಲೇ ಹೇಳಿದ್ದರೆಂದು ನನಗೂ ಒಂದು ಪಾಲು ಹೊಗಳಿಕೆ ಸಿಕ್ಕಿತು. ನಾಚಿಕೆಗೆಟ್ಟ ನಾನು ಅದನ್ನೂ ತೆಗೆದುಕೊಂಡೆ.

ಕಬ್ಬು ಪಾಳಿಗೆ ಸರಿಯಾಗಿ ಕಾರ್ಖಾನೆ ಮುಟ್ಟಿತು. ನನ್ನ ಮರ್ಯಾದೆಯೂ ಮುಟ್ಟಿತು ಎಂದುಕೊಂಡೆ. ಮರುದಿನ ಬೆಳಿಗ್ಗೆ ಸಿದ್ರಾಮ ಕಟ್ಟೆಯ ಮೇಲೆ ಕುಳಿತು ಚಿಮ್ಮಡದ ಕಥೆ ಹೇಳುತ್ತಿದ್ದ. ಕೇಳಲು ನಾಲ್ಕು ಜನ ಸೇರಿದ್ದರು. ಅಣ್ಣ ಎಲ್ಲವನ್ನೂ ತಲೆದೂಗಿ ಕೇಳಿದ. ಎಲ್ಲರೂ ಹೋದ ಮೇಲೆ ನನಗೆ ಚಹಾದ ಬಸಿ ಕೊಟ್ಟು ಪಕ್ಕದಲ್ಲಿ ಕುಳಿತ.

“ನಿನ್ನಿ ನಾ ನಿಮ್ಮ ಹಿಂದಿಂದನ ಬೈಕ್ ಮ್ಯಾಲೆ ಬಂದಿದ್ದೆ,” ಎಂದ. “ಪೆಟ್ರೋಲ್ ಪಂಪಿನ್ಯಾಗ ನೀ ಕ್ಯಾನ್ ತುಂಬಸಾಕತ್ತಿದ್ದಿ. ಹತ್ತ ಮಂದ್ಯಾಗ ನಿನ್ನ ಮಾರಿ ಸಣ್ಣದಾಗೂದು ಬ್ಯಾಡಂತ ಅಲ್ಲೇ ಗಿಡದ ನೆಳ್ಳಾಗ ನಿಂತೆ.”

ಬೈದಿದ್ದರೆ ಏನಾದರೂ ಸಮಜಾಯಿಷಿ ಹೇಳುತ್ತಿದ್ದೆ. ಅವನು ಬೈಯಲಿಲ್ಲ.

“ಅಣ್ಣಾ, ಹಂಗಾರ ಇದನ್ನ ಮಾರಿ ಹೊಸಾದ ತಗೊಳೋಣೇನು?” ಎಂದೆ.

“ಯಾಕ? ಗಾಡೀದೇನ್ ತಪ್ಪೈತಿ?” ಅಣ್ಣ ನನ್ನ ಬೆನ್ನ ಮೇಲೆ ಕೈಯಿಟ್ಟ. “ಅದಕ್ಕ ಸೆನ್ಸರ್ ಇಲ್ದಿದ್ರೂ ನಡೀತೈತಿ ತಮ್ಮಾ. ನಿನಗ ಒಂದು ಹಚ್ಚಿಸಬೇಕಾಗೇತಿ.”

ಒಳಗಿಂದ ವೈನಿ ನಕ್ಕದ್ದು ಕೇಳಿಸಿತು. ಅಂಥ ಸೆನ್ಸರ್ ಎಲ್ಲಿ ಸಿಗುತ್ತದೆ, ಹೇಗೆ ಕೂಡಿಸುತ್ತಾರೆ ಎಂಬ ಬಗ್ಗೆಯೂ ನನ್ನ ಬಳಿ ಒಂದೆರಡು ವಿಚಾರಗಳಿದ್ದವು. ಬಾಯಿ ತೆರೆದವನು, ಅದರೊಳಗೆ ಚಹಾ ಹಾಕಿಕೊಂಡು ಮುಚ್ಚಿದೆ.