ಮುಖವಾಡದವರ ಸಹವಾಸ

ಮದುವೆ ವಯಸ್ಸಿಗೆ ಬಂದ ಮೇಲೂ ಕಾಮಿಕ್ಸ್ ಓದೋ ಹೆಣ್ಣುಮಗಳೊಬ್ಬಳು ಮನೇಲಿದ್ದರೆ, ಆ ಮನೇಲಿ ಏನಾದರೊಂದು ಆಗ್ತಾನೇ ಇರುತ್ತೆ. ನಾನಂತೂ ಹುಡುಕಿಕೊಂಡು ಹೋದವಳಲ್ಲ. ಹೆಬ್ಬಾಳದ ಒಬ್ಬ ಎಂಜಿನಿಯರ್ ಹತ್ತಿರ ಮನೆಗಳ ಪ್ಲ್ಯಾನ್ ಬರೆಯೋ ಕೆಲಸ. ಜಕ್ಕೂರಿನ ಹಳೇ ಊರೊಳಗೆ ಸ್ವಂತ ಮನೆ. ಮನೇಲಿ ಅಪ್ಪ, ಅಮ್ಮ, ಅಜ್ಜಿ. ಹಿಂದೆ ರಾಗಿ ಬೆಳೀತಿದ್ದ ಜಾಗದಲ್ಲಿ ಅಪ್ಪ ಬಾಡಿಗೆ ಮನೆಗಳನ್ನ ಕಟ್ಟಿಸಿದ್ದರು. ಇಷ್ಟೆಲ್ಲ ಸರಿಯಾಗೇ ಇತ್ತು. ನನ್ನ ರೂಮಿನ ಕಪಾಟಿನಲ್ಲಿ ಮಾತ್ರ ಮುಖವಾಡ ಹಾಕಿಕೊಂಡು ಊರು ಕಾಯೋ ಜನ ತುಂಬಿಕೊಂಡಿದ್ದರು.

ಅಜ್ಜಿಯ ವಿಚಾರಣೆ

ಅಜ್ಜಿಗೆ ಓದೋಕೆ ಬರುತ್ತಿರಲಿಲ್ಲ, ಚಿತ್ರ ನೋಡೋಕೆ ಚೆನ್ನಾಗಿ ಬರುತ್ತಿತ್ತು. ಒಂದು ಭಾನುವಾರ ಜಗಲಿ ಮೇಲೆ ಅವರೆಕಾಯಿ ಸುಲೀತಾ ಕೂತಿದ್ದವರು ನನ್ನ ಕೈಲಿದ್ದ ಪುಸ್ತಕದ ಕಡೆ ಕತ್ತು ಚಾಚಿದರು.

"ಯಾರವ್ವ ಈ ವಯ್ಯ?"

"ಹೀರೋ ಅಜ್ಜಿ. ರಾತ್ರಿ ಹೊತ್ತು ಊರು ಕಾಯ್ತಾನೆ."

"ಅವ್ನ ಅಪ್ಪ ಅವ್ವ ಏನ್ ಮಾಡ್ತಾರೆ?"

"ಇಲ್ಲ. ಇವನು ಚಿಕ್ಕವನಿದ್ದಾಗಲೇ ಹೋಗಿಬಿಟ್ರು."

ಅಜ್ಜಿ ಲೊಚಗುಟ್ಟಿದರು. ಪಕ್ಕದಲ್ಲಿದ್ದ ಇನ್ನೊಂದು ಪುಸ್ತಕ ಎತ್ತಿಕೊಂಡರು. "ಇವ್ನು?"

"ಇವನು ಅನಾಥಾಶ್ರಮದಲ್ಲಿ ಬೆಳೆದೋನು."

"ಈ ಉಡ್ಗಿ?"

"ಇವಳ ಊರಿಗೂರೇ ಸುಟ್ಟುಹೋಯ್ತು ಅಜ್ಜಿ. ಒಬ್ಬಳೇ ಉಳಿದೋಳು."

ಅಜ್ಜಿ ಪುಸ್ತಕ ಕೆಳಗಿಟ್ಟು ಮತ್ತೆ ಅವರೆಕಾಯಿಗೆ ಕೈ ಹಾಕಿದರು. "ಅದ್ಕೇಯ! ಏಳೋರು ಕೇಳೋರು ಇಲ್ದಿದ್ರೆ ಇಂಗೇ ಆಗೋದು. ರಾತ್ರಿಯೆಲ್ಲ ಅಲೀತಾವೆ, ಎಂಗ್ ಬೇಕೋ ಅಂಗೆ ಬಟ್ಟೆ ಆಕ್ಕೋತಾವೆ."

ಇನ್ನೊಂದು ಕಾಯಿ ಸುಲಿದು ನನ್ನ ಮುಖ ನೋಡಿದರು.

"ನಿಂಗೆ ಅಪ್ಪ ಅಮ್ಮ ಇಬ್ರೂ ಗುಂಡುಕಲ್ಲಿನಂಗೆ ಅವ್ರೆ. ನಿಂಗ್ಯಾಕವ್ವ ಇವ್ರ ಸಾವಾಸ?"

ಮಗುವಿನ ಪಾರ್ಸಲ್

ಆನ್‌ಲೈನಿನಲ್ಲಿ ಪುಸ್ತಕ ತರಿಸೋ ಕಾಲ ಬಂದ ಮೇಲೆ ನನ್ನ ಕಷ್ಟ ಅರ್ಧ ಕಡಿಮೆ ಆಯ್ತು, ಹೊಸದೊಂದು ಕಷ್ಟ ಶುರುವಾಯ್ತು. ಕೊರಿಯರ್‌ನವರು ಗೇಟಿನಲ್ಲೇ ನಿಂತು ಬೀದಿಗೆಲ್ಲ ಕೇಳೋ ಹಾಗೆ ಕೂಗೋರು. ಒಂದು ಸಲ ಪ್ಯಾಕೆಟ್ಟಿನ ಮೇಲಿದ್ದ ಬಣ್ಣದ ಗೊಂಬೆ ನೋಡಿ, "ಮೇಡಂ, ನಿಮ್ ಮಗೂದು ಪಾರ್ಸಲ್ ಬಂದಿದೆ!" ಅಂದುಬಿಟ್ಟರು.

ಮೇಲಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಆಂಟಿ ಬಟ್ಟೆ ಒಣಗಿಸ್ತಾ ಇದ್ದರು. ಕೈಲಿದ್ದ ಸೀರೆ ಕೈಲೇ ಉಳೀತು. ನನಗೆ ಮದುವೆ ಆಗಿಲ್ಲ ಅನ್ನೋದು ಅವರಿಗೆ ಗೊತ್ತಿತ್ತು. ಸಂಜೆ ಒಂದು ಬಟ್ಟಲು ಹುಳಿ ಕೊಡೋ ನೆಪ ಮಾಡಿಕೊಂಡು ಬಂದರು. ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು.

"ಯಾವ ಸ್ಕೂಲಮ್ಮ?"

"ಸ್ಕೂಲಾ? ಯಾರಿಗೆ?"

"ನಾನ್ ಯಾರಿಗೂ ಹೇಳಲ್ಲ. ನಮ್ಮ ಕಡೇನೂ ಹಿಂಗೇ ಒಂದು ಆಗಿತ್ತು. ಪಾಪ, ಮಗೂದೇನು ತಪ್ಪು?"

ನನಗೆ ಆಗ ಅರ್ಥ ಆಯ್ತು. "ಅಯ್ಯೋ ಆಂಟಿ, ಮಗುನೂ ಇಲ್ಲ ಗಿಗುನೂ ಇಲ್ಲ. ಆ ಪುಸ್ತಕ ನನಗೇ!" ಅಂತ ಒಳಗೆ ಕರಕೊಂಡು ಹೋಗಿ ಕಪಾಟು ತೆಗೆದು ತೋರಿಸಿದೆ. ಆಂಟಿ ಮೇಲಿಂದ ಕೆಳಗಿನವರೆಗೆ ನೋಡಿದರು. ಒಂದನ್ನ ಎಳೆದು ತಿರುವಿದರು. ವಾಪಸ್ ಇಟ್ಟರು.

"ಮಗುನೇ ಇದ್ದಿದ್ರೆ ಒಂದು ಲೆಕ್ಕಕ್ಕೆ ಚೆನ್ನಾಗಿರೋದಮ್ಮ."

ಅಪ್ಪನ ಸರ್ವೆ

ಟೀವಿಗೆ ಸಿಕ್ಕಿಸಿ ಆಡೋ ವಿಡಿಯೋ ಗೇಮ್ ತಂದಾಗ ಅಪ್ಪ ಮೊದಲು ಬೈದರು, ಆಮೇಲೆ ಪಕ್ಕದಲ್ಲಿ ಬಂದು ಕೂತರು. ಆಟ ಇಷ್ಟೇ: ಒಂದು ದೊಡ್ಡ ಊರು, ಸೇತುವೆ ಕೆಳಗೆ ಒಂದು ಬಾಂಬು, ಅದು ಸಿಡಿಯೋಕೆ ಮುಂಚೆ ನಮ್ಮ ಹೀರೋ ಅಲ್ಲಿಗೆ ಮುಟ್ಟಬೇಕು.

"ಕೊಡಿಲ್ಲಿ," ಅಂತ ಅಪ್ಪ ರಿಮೋಟು ಇಸಕೊಂಡರು. ಕೈ ಕುದುರಿದ ಮೇಲೆ ಹೀರೋ ಬೀದಿಯಲ್ಲಿ ನಡೆಯೋಕೆ ಶುರು ಮಾಡಿದ. ಓಡ್ತಿರಲಿಲ್ಲ. ಊಟ ಆದ ಮೇಲೆ ಕೆರೆ ಏರಿ ಮೇಲೆ ಅಪ್ಪ ಹೆಂಗೆ ನಡೀತಾರೋ ಹಂಗೆ ನಡೀತಿದ್ದ.

"ಅಪ್ಪ, ಸೇತುವೆ ಆ ಕಡೆ!"

"ಇರೇ. ಈ ಜಾಗ ಯಾರ್ದು? ಮೂಲೆ ಸೈಟು, ಎರಡೂ ಕಡೆ ರೋಡು. ಕಾಂಪೌಂಡೇ ಹಾಕ್ಸಿಲ್ಲ ನೋಡು. ನಾಳೆ ಯಾವನಾದ್ರೂ ಬಂದು ಶೆಡ್ಡು ಹಾಕ್ತಾನೆ."

"ಬಾಂಬ್ ಇದೆ ಅಪ್ಪ! ಓಡು!"

ಹೀರೋ ಕೆರೆ ಪಕ್ಕ ನಿಂತ. ಊರೆಲ್ಲ ಸೈರನ್ ಹೊಡೀತಿತ್ತು, ಜನ ಚೀರಿಕೊಂಡು ಓಡ್ತಿದ್ದರು. ಅಪ್ಪನ ಹುಬ್ಬು ಗಂಟಾಗಿತ್ತು. "ಕೆರೆಗೆ ಇಷ್ಟು ಹತ್ತಿರ ಅಪಾರ್ಟ್‌ಮೆಂಟ್ ಕಟ್ಟೋಕೆ ಪರ್ಮಿಷನ್ ಯಾರ್ ಕೊಟ್ರು ಇವರಿಗೆ? ರಾಜಕಾಲುವೆ ಎಲ್ಲಿ ಹೋಯ್ತು?"

ಅಷ್ಟರಲ್ಲಿ ಬಾಂಬು ಸಿಡೀತು. ಟೀವಿ ತುಂಬ ಬೆಂಕಿ. ಸೇತುವೆ ಹೋಯ್ತು, ಅರ್ಧ ಊರು ನೆಲಸಮ ಆಯ್ತು. ಅಮ್ಮ ಅಡುಗೆಮನೆಯಿಂದ ಗಾಬರಿಯಾಗಿ ಓಡಿಬಂದರು.

ಅಪ್ಪ ಮಾತ್ರ ರಿಮೋಟು ನಿಧಾನಕ್ಕೆ ಟೀಪಾಯಿ ಮೇಲಿಟ್ಟರು. "ಬಿಡು, ಎಲ್ಲ ಹಳೇ ಬಿಲ್ಡಿಂಗುಗಳು. ಈಗ ಸೈಟಿಗೆ ರೇಟು ಬರುತ್ತೆ."

ಹೆಬ್ಬಾಳದ ಸಿಗ್ನಲ್ಲು

ಕಾಮಿಕ್ಸ್ ಪ್ರಿಯರೆಲ್ಲ ವೇಷ ಹಾಕಿಕೊಂಡು ಸೇರೋ ಮೇಳ ಊರಿಗೆ ಬಂತು. ನಾನೂ ಬ್ಲೌಸ್ ಹೊಲಿಯೋ ಟೈಲರ್ ಹತ್ತಿರ ಬೆಳ್ಳಿ ಬಣ್ಣದ ನಿಲುವಂಗಿ ಹೊಲಿಸಿದೆ. ಬೇಡಬೇಡ ಅಂದರೂ ಅವರು ಅದಕ್ಕೆ ಜರಿ ಅಂಚು ಕೊಟ್ಟಿದ್ದರು. ಅದನ್ನ ತೊಟ್ಟು, ನೀಲಿ ಮುಖವಾಡ ಕಟ್ಟಿಕೊಂಡು ಆಟೋ ಹತ್ತಿದೆ. ಹೆಬ್ಬಾಳದ ಫ್ಲೈಓವರ್ ಕೆಳಗೆ ಆಟೋ ಕೆಟ್ಟು ನಿಂತಿತು. ಇಳಿದು ಇನ್ನೊಂದು ಆಟೋ ನೋಡ್ತಿದ್ದೆ, ಟ್ರಾಫಿಕ್ ಪೊಲೀಸರೊಬ್ಬರು ದಬದಬ ಅಂತ ಬಂದರು.

"ಬಂದ್ರಾ? ಎಷ್ಟೊತ್ತಮ್ಮ! ಉಳಿದೋರೆಲ್ಲಿ?"

"ಸರ್, ನಾನು ಮೇಳಕ್ಕೆ..."

"ಮೇಳ ಆಮೇಲೆ. ಮೊದಲು ಇಲ್ಲಿ ನಿಂತ್ಕೊಳ್ಳಿ," ಅಂತ ಕೈಗೊಂದು ಬೋರ್ಡು ಕೊಟ್ಟು ಹೋದರು. ಅದರ ಮೇಲೆ 'ಹೆಲ್ಮೆಟ್ ಧರಿಸಿ, ಜೀವ ಉಳಿಸಿ' ಅಂತಿತ್ತು.

ನಿಂತೆ. ಇನ್ನೇನು ಮಾಡೋದು? ಊರು ಕಾಯೋರ ವೇಷ ಹಾಕಿದ ಮೇಲೆ ಕೆಲಸ ಬಂದಾಗ ಇಲ್ಲ ಅನ್ನೋಕಾಗುತ್ತಾ? ಬೈಕಿನವರು ನನ್ನನ್ನ ನೋಡಿ, "ಮಗಾ, ಯಾರೋ ಇದು?" ಅಂದುಕೊಳ್ತಾ ಟ್ಯಾಂಕಿನ ಮೇಲಿದ್ದ ಹೆಲ್ಮೆಟ್ ತಲೆಗೆ ಏರಿಸ್ತಿದ್ದರು. ಒಳಗೊಳಗೇ ಹೆಮ್ಮೆ ಆಯ್ತು.

ಆಮೇಲೆ ಹೆಲ್ಮೆಟ್ ಪ್ರಚಾರಕ್ಕೆ ಪೊಲೀಸರು ಕರೆಸಿದ್ದ ನಿಜವಾದ ಕಲಾವಿದರು ಬಂದರು. ಕೋಣಕ್ಕೆ ಬದಲು ಸ್ಕೂಟರಿನ ಮೇಲೆ ಯಮಧರ್ಮರಾಯ! ಕಪ್ಪು ಪಂಚೆ, ಗದೆ, ದೊಡ್ಡ ಮೀಸೆ. ಇಳಿದವರೇ ನನ್ನನ್ನ ದುರುಗುಟ್ಟಿ ನೋಡಿದರು. "ಮೇಡಂ, ಯಾವ ಗುಂಪಿನೋರು ನೀವು? ಈ ಸಿಗ್ನಲ್ ನಮಗೆ ಕೊಟ್ಟಿರೋದು."

ಬೋರ್ಡು ಅವರ ಕೈಗೆ ಕೊಟ್ಟೆ. ಕೊಡೋವಾಗ ಅವರ ತಲೆ ಕಡೆ ಕಣ್ಣು ಹೋಯ್ತು. "ಅಲ್ಲ ಸರ್, ನಿಮ್ಮ ಹೆಲ್ಮೆಟ್ ಎಲ್ಲಿ?"

"ಕಿರೀಟದ ಮೇಲೆ ಕೂರಲ್ಲ ಮೇಡಂ," ಅಂದರು ಯಮ. "ಅಲ್ದೆ, ನನ್ನ ಕರಕೊಂಡು ಹೋಗೋಕೆ ಯಾರ್ ಬರ್ತಾರೆ?"

ಹೆಣ್ಣು ನೋಡೋಕೆ ಬಂದವರು

ಒಂದು ಒಳ್ಳೇ ಸಂಬಂಧ ನನ್ನ ಕಪಾಟಿನಿಂದಲೇ ತಪ್ಪಿಹೋಗಿತ್ತು. "ಹುಡುಗಿಗೆ ಇನ್ನೂ ಹುಡುಗಾಟ," ಅಂತ ಹೇಳಿ ಕಳಿಸಿದ್ದರು. ಹಾಗಾಗಿ ಯಲಹಂಕದಿಂದ ಇನ್ನೊಂದು ಕಡೆಯವರು ಬರ್ತಾರೆ ಅಂದಾಗ ಅಪ್ಪ ಕಪಾಟಿಗೆ ಬೀಗ ಹಾಕಿ, ಬೀಗದಕೈ ಜೇಬಿಗೆ ಹಾಕಿಕೊಂಡರು. "ಬಾಯ್ ಬಿಡ್ಬೇಡ ಕಣೆ," ಅಂದರು. ಹುಡುಗನ ಫೋಟೋ ನನಗೂ ಹಿಡಿಸಿತ್ತು. ಒಪ್ಪಿದೆ.

ಹುಡುಗ, ಅವನ ಅಪ್ಪ ಅಮ್ಮ, ತಾತ ಬಂದರು. ಕೇಸರಿಬಾತ್ ಖಾಲಿ ಆದ ಮೇಲೆ ತಾತ ಕೇಳಿದರು. "ಬಿಡುವಾದಾಗ ಏನ್ ಮಾಡ್ತೀಯವ್ವ?"

"ಓದ್ತೀನಿ ತಾತ."

"ಏನ್ ಓದ್ತೀಯ?"

ನಾನು ಬಾಯಿ ತೆರೆಯೋಕೆ ಮುಂಚೆ ಅಪ್ಪ ಕೂಗಿದರು. "ಪುರಾಣ!"

ತಾತನ ಮುಖ ಅರಳಿತು. ದಿನಾ ಸಂಜೆ ದೇವಸ್ಥಾನದಲ್ಲಿ ಪುರಾಣ ಕೇಳೋರಂತೆ. "ಹಂಗಾದ್ರೆ ಒಂದು ಕತೆ ಹೇಳವ್ವ. ಈಗಿನ ಮಕ್ಕಳ ಬಾಯಲ್ಲಿ ಕೇಳೋದೇ ಅಪರೂಪ."

ನನಗೆ ಒಂದು ಪುರಾಣವೂ ನೆಟ್ಟಗೆ ಬರೋದಿಲ್ಲ. ಹಿಂದಿನ ವಾರ ಓದಿ ಮುಗಿಸಿದ್ದ ಕಾಮಿಕ್ಸು ಮಾತ್ರ ತಲೇಲಿತ್ತು. ಅದನ್ನೇ ಶುರು ಮಾಡಿದೆ. ವಿಜ್ಞಾನಿಯನ್ನ ಮುನಿ ಮಾಡಿದೆ, ಅವನ ಲ್ಯಾಬನ್ನ ಆಶ್ರಮ ಮಾಡಿದೆ. ರಾಸಾಯನಿಕದ ಡ್ರಮ್ಮು ಕಮಂಡಲು ಆಯ್ತು. ಅದು ಉರುಳಿ ಸೇವಕನೊಬ್ಬನ ಮೈಮೇಲೆ ಬಿದ್ದು ಅವನಿಗೆ ಸಿಡಿಲಿನ ಬಲ ಬಂತು. ಆದರೆ ಸುಳ್ಳು ಹೇಳಿದರೆ ಬಲ ಹೋಗುತ್ತೆ. ಯುದ್ಧಕ್ಕೆ ಹೊರಟಾಗೆಲ್ಲ ಹೆಂಡತಿ ಎಲ್ಲಿಗೆ ಅಂತ ಕೇಳ್ತಾಳೆ. ಅವಳು ಹೆದರ್ತಾಳೆ ಅಂತ ಅವನು ಸುಳ್ಳು ಹೇಳ್ತಾನೆ. ಬಲ ಕಳಕೊಂಡೇ ಅಸುರನ ಎದುರು ನಿಲ್ತಾನೆ.

ತಾತ ಕಣ್ಣೊರೆಸಿಕೊಂಡರು. "ಹೆಂಡ್ತಿಗೆ ನಿಜ ಹೇಳ್ಬಿಡಬಾರದಿತ್ತಾ?"

"ಕೊನೆಗೆ ಹೇಳ್ತಾನೆ ತಾತ. ಆಗ ಬಲ ವಾಪಸ್ ಬರುತ್ತೆ. ಅಸುರ ಹೆದರಿ ಹೆಲಿ... ಪುಷ್ಪಕ ವಿಮಾನದಲ್ಲಿ ಓಡಿಹೋಗ್ತಾನೆ."

ಹುಡುಗನಿಗೆ ಇದ್ದಕ್ಕಿದ್ದಂತೆ ಕೆಮ್ಮು ಹತ್ತಿತು. ಅವರಮ್ಮ ನೀರು ಕೊಟ್ಟರು.

"ಯಾವ ಪುರಾಣದಲ್ಲಿ ಬರುತ್ತೆ ಇದು?" ತಾತ ಕೇಳಿದರು.

"ಉಪಪುರಾಣ," ಅಂದರು ಅಪ್ಪ, ಬೆವರು ಒರೆಸಿಕೊಳ್ತಾ. "ಸಿಗೋದು ಕಷ್ಟ."

ಇಬ್ಬರನ್ನೂ ಮಾತಾಡಿಕೊಳ್ಳಲಿ ಅಂತ ತಾರಸಿಗೆ ಕಳಿಸಿದರು. ಹುಡುಗ ನನಗೆ ಬೆನ್ನು ಹಾಕಿ ಪ್ಯಾರಪೆಟ್ ಹಿಡಕೊಂಡ. ಈ ಸಂಬಂಧವೂ ಹೋಯ್ತು ಅಂದುಕೊಂಡೆ. ಆಮೇಲೆ ಕೇಳಿದ.

"ಆ ಪುಷ್ಪಕ ವಿಮಾನಕ್ಕೆ ಮೇಲ್ಗಡೆ ತಿರುಗೋ ಫ್ಯಾನ್ ಇತ್ತಾ?"

ಮುಚ್ಚಿಟ್ಟು ಮದುವೆ ಆಗೋದು ಬೇಡ ಅನ್ನಿಸಿತು. "ಇತ್ತು," ಅಂದೆ.

ಅವನು ನಕ್ಕಿದ್ದು ಕೆಳಗಿನವರೆಗೂ ಕೇಳಿಸಿತಂತೆ. ಆ ಸಂಜೆಯೇ ಒಪ್ಪಿಗೆ ಹೇಳಿ ಕಳಿಸಿದರು.

ತಾತನಿಗೆ ಮಾತ್ರ ನಿಜ ಹೇಳೋ ಧೈರ್ಯ ಯಾರಿಗೂ ಬರಲಿಲ್ಲ. ಮದುವೆ ದಿನ ಆರತಕ್ಷತೆಯಲ್ಲಿ ನಿಂತಿದ್ದೆವು. ತಾತ ಶಾಲು ಹೊದ್ದ ಹಿರಿಯರೊಬ್ಬರನ್ನ ಕೈಹಿಡಿದು ವೇದಿಕೆ ಹತ್ತಿಸಿದರು. ದೇವಸ್ಥಾನದಲ್ಲಿ ದಿನಾ ಪುರಾಣ ಹೇಳೋರು ಅವರೇ. ಸಿಕ್ಕಿಬಿದ್ದೆ ಅಂತ ನಾನು ಗಂಡನ ಹಿಂದೆ ಸರಿದೆ.

"ಆ ಕತೆ ನಿಮ್ಮ ತಾತ ನನಗೆ ಪೂರ್ತಿ ಹೇಳಿದರಮ್ಮ," ಅಂದರು ಅವರು, ಅಕ್ಷತೆ ಹಾಕಿ. "ಆ ಉಪಪುರಾಣ ನಾನು ಹಿಂದೆಯೇ ಓದಿರೋದು. ಚೆನ್ನಾಗಿ ಹೇಳಿದ್ದೀಯ, ಆದರೆ ಒಂದು ಕಡೆ ತಪ್ಪಿದ್ದೀಯ."

"ಎಲ್ಲಿ ಸ್ವಾಮಿ?"

"ಆತನಿಗೆ ಇಬ್ಬರು ಹೆಂಡಿರು. ಎರಡನೆಯವಳನ್ನ ನೀನು ಬಿಟ್ಟೇಬಿಟ್ಟಿದ್ದೀಯ."